ಸಣ್ಣ ಕೋಣೆಗೆ ಸಣ್ಣ ಎವಿ ರಿಸೀವರ್: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಒಂದು ಮಾರ್ಗದರ್ಶಿ

ಹೊಸ ಟಿವಿ ಬಂದ ಮನೆಗಳಲ್ಲಿ ಸ್ವಲ್ಪ ದಿನಕ್ಕೇ ಒಂದು ತಕರಾರು ಶುರುವಾಗುತ್ತದೆ. ಚಿತ್ರ ಚೆನ್ನಾಗಿದೆ, ಮಾತು ಮಾತ್ರ ತಿಳಿಯುವುದಿಲ್ಲ. ದನಿ ಏರಿಸಿದರೆ ಹೊಡೆದಾಟದ ದೃಶ್ಯದಲ್ಲಿ ಕಿವಿ ಗುಂಯ್ ಅನ್ನುತ್ತದೆ, ಇಳಿಸಿದರೆ ಸಂಭಾಷಣೆ ಮಾಯ. ಇದರಲ್ಲಿ ಟಿವಿಯ ದೊಡ್ಡ ತಪ್ಪೇನಿಲ್ಲ. ಅದು ತೆಳ್ಳಗಾದಷ್ಟೂ ಒಳಗಿನ ಸ್ಪೀಕರ್‌ಗೆ ಜಾಗ ಕಡಿಮೆಯಾಗಿದೆ. ಎಷ್ಟೋ ಟಿವಿಗಳಲ್ಲಿ ಸ್ಪೀಕರ್ ನಮ್ಮ ಕಡೆ ಮುಖ ಮಾಡಿಯೇ ಇರುವುದಿಲ್ಲ, ಕೆಳಗೆ ನೋಡುತ್ತಿರುತ್ತದೆ.

ಇದಕ್ಕೆ ಗಟ್ಟಿಯಾದ ಪರಿಹಾರ ಬೇಕೆಂದರೆ ಎವಿ ರಿಸೀವರ್ ಮತ್ತು ಬಿಡಿ ಸ್ಪೀಕರ್‌ಗಳು. ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಗೇಮ್ ಬಾಕ್ಸ್ ಎಲ್ಲವೂ ರಿಸೀವರ್‌ಗೆ ಬಂದು ಸೇರುತ್ತವೆ. ಅದು ಚಿತ್ರವನ್ನು ಟಿವಿಗೆ ಕಳಿಸುತ್ತದೆ, ಸದ್ದನ್ನು ಬಿಡಿಸಿ ಒಂದೊಂದು ಸ್ಪೀಕರ್‌ಗೆ ಅದರದರ ಪಾಲು ಕೊಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಕೋಣೆಗೆ ರಿಸೀವರ್ ಆರಿಸುವಾಗ ಮನುಷ್ಯನ ದನಿಯನ್ನು ಮೊದಲು ನೋಡಿ, ವ್ಯಾಟನ್ನು ಕೊನೆಗೆ ನೋಡಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ ನಡೆಯುತ್ತದೆ.

ಮೊದಲು ಕೋಣೆ ಅಳೆಯಿರಿ

ಟೇಪ್ ಹಿಡಿದು ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಕೂರುವ ಜಾಗದಿಂದ ಟಿವಿ ಎಷ್ಟು ದೂರ, ಸೋಫಾ ಹಿಂದೆ ಗೋಡೆ ಎಷ್ಟು ದೂರ, ಅದೂ ಬೇಕು.

ಈ ಅಳತೆ ಬೇಕಾಗುವುದು ಕೆಳಸ್ತರದ ಸದ್ದಿಗಾಗಿ, ಅಂದರೆ ಬಾಸ್‌ಗಾಗಿ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ಉಬ್ಬುತ್ತವೆ. 12 ಅಡಿ ಉದ್ದಕ್ಕೆ ಅದು ಸುಮಾರು 47 ಹರ್ಟ್ಸ್, 10 ಅಡಿಗೆ ಸುಮಾರು 56 ಹರ್ಟ್ಸ್. ಕೋಣೆಯ ಉದ್ದ, ಅಗಲ, ಎತ್ತರ ಮೂರೂ 10 ಅಡಿಯಾದರೆ ಮೂರೂ ಉಬ್ಬು ಒಂದೇ ಕಡೆ ಬಂದು ಕೂರುತ್ತವೆ. ಅಂಥ ಕೋಣೆಯಲ್ಲಿ ಎಷ್ಟು ದುಡ್ಡಿನ ಸಬ್‌ವೂಫರ್ (ಬಾಸ್‌ಗಾಗಿಯೇ ಇರುವ ಸ್ಪೀಕರ್) ಇಟ್ಟರೂ ಒಂದೇ ಸ್ವರ ಗುಂಯ್ಗುಡುತ್ತದೆ. ಆಗ ನಿಮಗೆ ಒಳ್ಳೆಯ ಅಳತೆ-ತಿದ್ದುಪಡಿ ಇರುವ, ಅಂದರೆ ಮೈಕ್‌ನಿಂದ ಕೋಣೆಯ ಸದ್ದು ಅಳೆದು ಸರಿಮಾಡುವ ರಿಸೀವರ್ ಬೇಕು, ಇನ್ನಷ್ಟು ವ್ಯಾಟ್ ಅಲ್ಲ.

ಎರಡನೆಯದು ನೆಲ ಮತ್ತು ಗೋಡೆ. ಗೋಕುಲ ರಸ್ತೆ, ವಿದ್ಯಾನಗರದ ಕಡೆ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ನುಣುಪು ಟೈಲ್ಸ್ ನೆಲ, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ. ಒಂದು ಸಲ ಚಪ್ಪಾಳೆ ತಟ್ಟಿ ನೋಡಿ. ಝಣ್ ಅಂತ ಬಾಲ ಎಳೆದರೆ ಅದೇ ಬಾಲ ಪ್ರತಿ ಮಾತಿಗೂ ಅಂಟಿಕೊಳ್ಳುತ್ತದೆ. ಇದಕ್ಕೆ ನಮ್ಮಲ್ಲೇ ಮದ್ದಿದೆ. ನವಲಗುಂದದ ಜಮಖಾನವನ್ನು ಟಿವಿ ಮತ್ತು ಸೋಫಾ ನಡುವೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇದ್ದರೆ ಸೋಫಾ ಹಿಂದಿನ ಗೋಡೆಗೆ ತೂಗುಹಾಕಬಹುದು. ಇವು ಬಾಸ್ ಉಬ್ಬನ್ನು ಕಡಿಮೆ ಮಾಡುವುದಿಲ್ಲ, ಆದರೆ ಮಾತಿನ ಅಂಚು ತಿಳಿಯಾಗುತ್ತದೆ. ಖರ್ಚು ಮಾಡುವ ಮೊದಲೇ ಇಷ್ಟು ಮಾಡಿ ಟಿವಿಯನ್ನೇ ಮತ್ತೊಮ್ಮೆ ಕೇಳಿ ನೋಡಿ.

ಎಷ್ಟು ಸ್ಪೀಕರ್ ಬೇಕು ಅಂತ ಆಮೇಲೆ ಅಲ್ಲ, ಈಗಲೇ ತೀರ್ಮಾನಿಸಿ

ರಿಸೀವರ್ ಮೇಲೆ 5.1, 5.2, 7.2 ಅಂತ ಬರೆದಿರುತ್ತದೆ. ಮೊದಲ ಅಂಕೆ ಸ್ಪೀಕರ್ ಚಾನೆಲ್‌ಗಳದ್ದು, ಚುಕ್ಕೆಯ ನಂತರದ್ದು ಸಬ್‌ವೂಫರ್ ಔಟ್‌ಪುಟ್‌ಗಳದ್ದು. 5.1.2 ಅಂತ ಮೂರನೇ ಅಂಕೆ ಇದ್ದರೆ ಅದು ಎತ್ತರದ ಸ್ಪೀಕರ್, ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್‌ಗೆ ಬೇಕಾದದ್ದು.

ಇಬ್ಬರೇ ನೋಡುವ ಮನೆಯಾಗಿದ್ದು, ಸಿನಿಮಾಕ್ಕಿಂತ ಸಂಗೀತ ಜಾಸ್ತಿ ಕೇಳುವುದಾದರೆ ಎರಡು ಒಳ್ಳೆಯ ಸ್ಪೀಕರ್, ಒಂದು ಸಣ್ಣ ಸಬ್‌ವೂಫರ್ ಸಾಕು. ನಡುವೆ ಕೂತಾಗ ಮಾತು ಪರದೆಯ ನಡುವಿನಿಂದಲೇ ಬಂದಂತೆ ಕೇಳುತ್ತದೆ. ಆದರೆ ಮನೆತುಂಬ ಜನ ಕೂತು ನೋಡುವವರಿಗೆ ಇದು ಸಾಲದು. ಪಕ್ಕದಲ್ಲಿ ಕೂತವರಿಗೆ ಮಾತು ಹತ್ತಿರದ ಸ್ಪೀಕರ್ ಕಡೆ ವಾಲಿಬಿಡುತ್ತದೆ. ಅಂಥವರು ನಡುವಿನ ಸ್ಪೀಕರ್, ಅಂದರೆ ಸೆಂಟರ್ ಸ್ಪೀಕರ್ ಬಿಡಲೇಬಾರದು. ಸಿನಿಮಾದ ಸಂಭಾಷಣೆಯ ಬಹುಪಾಲು ಅದರಿಂದಲೇ ಬರುತ್ತದೆ. ದುಡ್ಡು ಕಡಿಮೆ ಇದ್ದರೆ ಹಿಂದಿನ ಎರಡು ಸ್ಪೀಕರ್ ಮುಂದಿನ ವರ್ಷಕ್ಕೆ ಇಡಿ, ಮುಂದಿನ ಮೂರನ್ನು ಚೆನ್ನಾಗಿರುವುದನ್ನೇ ತನ್ನಿ.

ಅಟ್ಮಾಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಪೀಕರ್ ಮೇಲೆ ಇಟ್ಟು, ಸದ್ದನ್ನು ಛಾವಣಿಗೆ ಹೊಡೆದು ಕೆಳಗೆ ಇಳಿಸುವ ಬಗೆಯದು ಸಿಗುತ್ತದೆ. ಅದಕ್ಕೆ ಸಪಾಟಾದ, ಗಟ್ಟಿಯಾದ ಛಾವಣಿ ಬೇಕು. ಮಾಳಮಡ್ಡಿಯಂಥ ಹಳೆಯ ಬಡಾವಣೆಯ ಇಳಿಜಾರು ಹಂಚಿನ ಮನೆಗಳಲ್ಲಿ ಸದ್ದು ಎಲ್ಲೋ ಚದುರಿ ಹೋಗುತ್ತದೆ. ಅಲ್ಲಿ ಜಂತಿಗೆ ಸಣ್ಣ ಸ್ಪೀಕರ್ ಕಟ್ಟಿಸುವುದು ಸರಿ, ಇಲ್ಲವೇ ಅಟ್ಮಾಸ್ ಬಿಟ್ಟು 5.1ಕ್ಕೆ ನಿಲ್ಲುವುದು ಸರಿ. 10 ಅಡಿ ಅಗಲದ ಕೋಣೆಯಲ್ಲಿ ಚೆನ್ನಾಗಿ ಕೂರಿಸಿದ 5.1, ಅವಸರದಲ್ಲಿ ತುರುಕಿದ 5.1.2ಕ್ಕಿಂತ ಎಷ್ಟೋ ಮೇಲು.

ಟಿವಿಯ ಬೆನ್ನು ನೋಡಿ

ಮೊಬೈಲ್ ಕ್ಯಾಮೆರಾ ಹಿಡಿದು ಟಿವಿ ಹಿಂದಿನ ಎಚ್‌ಡಿಎಂಐ ಪೋರ್ಟ್‌ಗಳ ಫೋಟೋ ತೆಗೆದುಕೊಳ್ಳಿ. ಒಂದರ ಪಕ್ಕ ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಇರಬೇಕು. ಟಿವಿಯೊಳಗಿನ ಆ್ಯಪ್‌ಗಳ ಸದ್ದು ಆ ತೂತಿನಿಂದಲೇ ವಾಪಸ್ ರಿಸೀವರ್‌ಗೆ ಬರುತ್ತದೆ. ಬೇರೆ ತೂತಿಗೆ ಕೇಬಲ್ ಹಾಕಿ, ರಿಸೀವರ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವವರು ಬಹಳ.

ಎಆರ್‌ಸಿ 2009ರ ಎಚ್‌ಡಿಎಂಐ 1.4ರ ಜೊತೆ ಬಂದದ್ದು, ಇ-ಎಆರ್‌ಸಿ 2017ರ ಎಚ್‌ಡಿಎಂಐ 2.1ರ ಜೊತೆ ಬಂದದ್ದು. ಯಾವುದು ಬೇಕು? ನೆಟ್‌ಫ್ಲಿಕ್ಸ್, ಪ್ರೈಮ್‌ನಂಥವುಗಳ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ ಬರುತ್ತದೆ. ಟಿವಿ ಅದನ್ನು ಹಾಗೇ ಬಿಟ್ಟುಕೊಟ್ಟರೆ ಸಾದಾ ಎಆರ್‌ಸಿಯಲ್ಲೇ ದಾಟುತ್ತದೆ. ಬ್ಲೂ-ರೇ ಡಿಸ್ಕ್‌ನ ಟ್ರೂ-ಎಚ್‌ಡಿಗೆ, ಅಂದರೆ ಡಾಲ್ಬಿಯ ಇನ್ನೂ ದೊಡ್ಡ ಗಾತ್ರದ ಸದ್ದಿಗೆ, ಇ-ಎಆರ್‌ಸಿ ಬೇಕು. ಆದರೆ ಪ್ಲೇಯರನ್ನು ನೇರವಾಗಿ ರಿಸೀವರ್‌ಗೇ ಜೋಡಿಸಿದರೆ ಆ ಪ್ರಶ್ನೆಯೇ ಬರುವುದಿಲ್ಲ. ಡಾಲ್ಬಿಯಂಥದೇ ಇನ್ನೊಂದು ಬಗೆಯಾದ ಡಿಟಿಎಸ್ ಸದ್ದಿಗೂ ಇದೇ ದಾರಿ ಒಳ್ಳೆಯದು, ಯಾಕೆಂದರೆ ಕೆಲವು ಟಿವಿಗಳು ಡಿಟಿಎಸ್ ಅನ್ನು ಮುಂದಕ್ಕೆ ಬಿಡುವುದೇ ಇಲ್ಲ. ಆಪ್ಟಿಕಲ್ ಕೇಬಲ್ ಒಂದೇ ಇರುವ ಹಳೆಯ ಟಿವಿಯಾದರೆ ಸಾದಾ ಡಾಲ್ಬಿ ಡಿಜಿಟಲ್ 5.1ರ ತನಕ ಸಿಗುತ್ತದೆ. ಸುದ್ದಿ, ಧಾರಾವಾಹಿ, ಹಳೆಯ ಸಿನಿಮಾಕ್ಕೆ ಅದು ಧಾರಾಳವಾಗಿ ಸಾಕು.

ಆಮೇಲೆ ಎಣಿಸಿ: ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಗೇಮ್ ಬಾಕ್ಸ್, ಲ್ಯಾಪ್‌ಟಾಪ್. ಇವುಗಳ ಸಂಖ್ಯೆಗೆ ಒಂದು ಕೂಡಿಸಿ. ಅಷ್ಟು ಎಚ್‌ಡಿಎಂಐ ಇನ್‌ಪುಟ್ ರಿಸೀವರ್‌ನಲ್ಲಿ ಇರಲಿ. ಸಿನಿಮಾ ಆ್ಯಪ್‌ಗಳ 4ಕೆ ಚಿತ್ರ ದಾಟಬೇಕಾದರೆ ಎಚ್‌ಡಿಸಿಪಿ (ನಕಲು ತಡೆಯುವ ಬೀಗ) 2.2 ಅಥವಾ ಅದಕ್ಕಿಂತ ಹೊಸದು ಕಡ್ಡಾಯ. ಹಳೇ ರಿಸೀವರ್ ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ಜಾಗ, ಶಾಖ, ಧೂಳು

ಇಲ್ಲಿಯೇ ಜನ ಜಾಸ್ತಿ ಎಡವುವುದು. ‘ಸ್ಲಿಮ್’ ರಿಸೀವರ್ ಅಂದರೆ ಎತ್ತರ ಮಾತ್ರ ಕಡಿಮೆ. ಸಾಮಾನ್ಯ ರಿಸೀವರ್ 15ರಿಂದ 17 ಸೆಂ.ಮೀ. ಎತ್ತರ ಇದ್ದರೆ ಸ್ಲಿಮ್ ಮಾದರಿ 11 ಸೆಂ.ಮೀ. ಆಸುಪಾಸು. ಅಗಲ ಮಾತ್ರ ಅದೇ ಸುಮಾರು 44, ಆಳ ಹತ್ತಿರ ಹತ್ತಿರ 38 ಸೆಂ.ಮೀ. ಕಾರ್ಪೆಂಟರ್ ಗೋಡೆಗೆ ಮಾಡಿಕೊಟ್ಟ ಟಿವಿ ಯೂನಿಟ್ ಎಷ್ಟೋ ಮನೆಗಳಲ್ಲಿ ಒಂದೇ ಅಡಿ ಆಳ, ಅಂದರೆ ಸುಮಾರು 30 ಸೆಂ.ಮೀ. ಹಿಂದೆ ಕೇಬಲ್ ಬಾಗಲು ಇನ್ನೂ 5 ಸೆಂ.ಮೀ. ಬೇಕು. ಆದ್ದರಿಂದ ಎತ್ತರಕ್ಕಿಂತ ಮೊದಲು ಆಳ ಅಳೆಯಿರಿ. ಎತ್ತರ ಇದ್ದು ಆಳ ಇಲ್ಲದ ಯೂನಿಟ್‌ಗೆ ಸ್ಲಿಮ್ ಮಾದರಿಯಿಂದ ಏನೂ ಲಾಭವಿಲ್ಲ.

ರಿಸೀವರ್ ತೆಗೆದುಕೊಂಡ ವಿದ್ಯುತ್ತಿನಲ್ಲಿ ಒಳ್ಳೆಯ ಪಾಲು ಶಾಖವಾಗಿ ಹೊರಬರುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಮುಚ್ಚಿದ ಕಪಾಟಿನೊಳಗೆ ಇಟ್ಟರೆ ಅದು ತಾನಾಗೇ ಆಫ್ ಆಗುತ್ತದೆ, ಆಯುಷ್ಯವೂ ಕಡಿಮೆಯಾಗುತ್ತದೆ. ಮೇಲೆ ಕನಿಷ್ಠ 10 ಸೆಂ.ಮೀ. ಖಾಲಿ ಬಿಡಿ, ಕಪಾಟಿನ ಹಿಂಬದಿ ಹಲಗೆ ಕೊರೆಸಿ. ಚೆಂದ ಕಾಣಲಿ ಅಂತ ಮೇಲೆ ಕಸೂತಿ ಬಟ್ಟೆ ಹೊದಿಸುವುದು, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡುವುದು ಬೇಡವೇ ಬೇಡ. ಬಿಸಿ ಹೋಗುವ ತೂತುಗಳು ಇರುವುದು ಮೇಲೆಯೇ.

ಹುಬ್ಬಳ್ಳಿಯ ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳಬೇಕಿಲ್ಲ. ರಸ್ತೆ ಪಕ್ಕದ ಮನೆಯಾದರೆ ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಆ ತೂತುಗಳನ್ನು ಸ್ವಚ್ಛ ಮಾಡಿ. ಒದ್ದೆ ಬಟ್ಟೆ ತಾಗಿಸಬೇಡಿ.

ಈಗ ವ್ಯಾಟ್ ಲೆಕ್ಕ

ಅಂಗಡಿಯಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ: "ಇದು ಸಾವಿರ ವ್ಯಾಟ್ ಐತ್ರೀ ಸರ್, ಓಣಿ ತುಂಬ ಕೇಳಸ್ತದ." ಆಗ ನೀವು ಕೇಳಬೇಕಾದದ್ದು: "ಎರಡು ಚಾನೆಲ್ ಕೂಡೇ ನಡದಾಗ, 8 ಓಮ್‌ಗೆ, 20ರಿಂದ 20,000 ಹರ್ಟ್ಸ್ ತನಕ ಎಷ್ಟು ಬರ್ತದ್ರೀ?" ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಈ ಪ್ರಶ್ನೆಗೆ ಉತ್ತರ ಪೆಟ್ಟಿಗೆ ಮೇಲೆ ಇರುವುದು ಅಪರೂಪ. ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಇರುತ್ತದೆ.

ಒಂದು ಉದಾಹರಣೆ ನೋಡಿ. ಸೋನಿಯ ಎಸ್‌ಟಿಆರ್-ಡಿಎಚ್590 ಮಾದರಿಗೆ ಕಂಪನಿಯೇ ಎರಡು ಅಂಕೆ ಕೊಡುತ್ತದೆ. ಒಂದೇ ಚಾನೆಲ್, ಒಂದೇ ಸ್ವರ, 6 ಓಮ್‌ನಲ್ಲಿ ಅಳೆದರೆ 145 ವ್ಯಾಟ್. ಎರಡು ಚಾನೆಲ್, ಪೂರ್ತಿ ಸ್ವರಶ್ರೇಣಿ, ಅದೇ 6 ಓಮ್‌ನಲ್ಲಿ ಅಳೆದರೆ 90 ವ್ಯಾಟ್. ಎರಡೂ ನಿಜ, ಅಳೆದ ರೀತಿ ಬೇರೆ. ಪಿಎಂಪಿಒ ಅಂತ ಬರೆದ, ಜಾಹೀರಾತಿಗಾಗಿ ಉಬ್ಬಿಸಿದ ಅಂಕೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ.

ಹಾಗಾದರೆ ನಿಜಕ್ಕೂ ಎಷ್ಟು ಬೇಕು? ಸ್ಪೀಕರ್ ಹಿಂದೆ ‘ಸೆನ್ಸಿಟಿವಿಟಿ 88 ಡಿಬಿ’ ಅಂತ ಇದೆ ಅಂದುಕೊಳ್ಳಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್. ಎರಡು ಮೀಟರ್‌ಗೆ ಬಂದಾಗ ಹೆಚ್ಚೆಂದರೆ 6 ಕಡಿಮೆಯಾಗಿ 82 ಉಳಿಯುತ್ತದೆ. ವ್ಯಾಟ್ ಎರಡು ಪಟ್ಟು ಮಾಡಿದಾಗಲೆಲ್ಲ 3 ಡೆಸಿಬೆಲ್ ಮಾತ್ರ ಏರುತ್ತದೆ. ಅಂದರೆ 32 ವ್ಯಾಟ್‌ಗೆ 97 ಡೆಸಿಬೆಲ್. ಕೋಣೆಯ ಗೋಡೆಗಳು ಸ್ವಲ್ಪ ವಾಪಸ್ ಕೊಡುವುದರಿಂದ ಇನ್ನೂ ಜಾಸ್ತಿಯೇ ಆಗುತ್ತದೆ. ಅದು ಸಿನಿಮಾದ ಜೋರು ದೃಶ್ಯಕ್ಕೆ ಸಾಕಷ್ಟಾಯಿತು, ಹೊತ್ತುಗಟ್ಟಲೆ ಹಾಗೆ ಕೇಳಿದರೆ ಕಿವಿಗೇ ಹಾನಿ. 32ರ ಬದಲು 64 ವ್ಯಾಟ್ ತಂದರೆ ಸಿಗುವುದು ಇನ್ನೊಂದು 3 ಡೆಸಿಬೆಲ್, ಅಷ್ಟೇ. ಸದ್ದು ಎರಡು ಪಟ್ಟು ಆಯಿತು ಅಂತ ಕಿವಿಗೆ ಅನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಐದೂ ಚಾನೆಲ್ ಒಟ್ಟಿಗೆ ದುಡಿಯುವಾಗ ಒಂದೊಂದಕ್ಕೂ ಸಿಗುವ ಪಾಲು ಕಡಿಮೆಯಾಗುತ್ತದೆ, ನಿಜ. ಆದರೆ ಶಕ್ತಿ ಜಾಸ್ತಿ ತಿನ್ನುವ ಕೆಳಸ್ತರವನ್ನು ಸಬ್‌ವೂಫರ್ ತನ್ನದೇ ಆಂಪ್ಲಿಫೈಯರ್‌ನಿಂದ ಹೊತ್ತುಕೊಳ್ಳುತ್ತದೆ. ಅದಕ್ಕೇ 120 ಚದರಡಿ ಕೋಣೆಗೆ ಪ್ರಾಮಾಣಿಕವಾದ 50 ವ್ಯಾಟ್ ಧಾರಾಳ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. 4 ಓಮ್ ಸ್ಪೀಕರ್ ಕೊಳ್ಳುವ ಆಲೋಚನೆ ಇದ್ದರೆ ಮಾತ್ರ ರಿಸೀವರ್ ಅದನ್ನು ತಾಳುತ್ತದೆಯೇ ಅಂತ ಮ್ಯಾನುಯಲ್ ನೋಡಿ. ಸಣ್ಣ ಕೋಣೆಗೆ 6 ಅಥವಾ 8 ಓಮ್ ನಿರಾಳ.

ಯಾವ ಮಾದರಿಗಳನ್ನು ನೋಡಬಹುದು

ಎತ್ತರ ಇಲ್ಲದ ಕಪಾಟಿಗೆ ಮರಾಂಟ್ಜ್ ಸಿನಿಮಾ 70ಎಸ್ ಇದೆ. 7.2 ಚಾನೆಲ್, 8 ಓಮ್‌ಗೆ 50 ವ್ಯಾಟ್, ಆರು ಎಚ್‌ಡಿಎಂಐ ಇನ್‌ಪುಟ್, ಎತ್ತರ 109 ಮಿ.ಮೀ. ಬೆಲೆ ಜಾಸ್ತಿ, ಆದರೆ ಅಟ್ಮಾಸ್ ಬೇಕು, ಜಾಗ ಇಲ್ಲ ಅನ್ನುವವರಿಗೆ ಬೇರೆ ಆಯ್ಕೆ ಕಡಿಮೆ. ಅದಕ್ಕಿಂತ ಹಿಂದಿನ ಎನ್‌ಆರ್ ಸಾಲಿನ 1510, 1711 ಹಳೇ ಮಾಲಾಗಿ ಸಿಕ್ಕರೆ ಬಿಡಬೇಡಿ.

ಆಳ ಇಲ್ಲದ ಯೂನಿಟ್‌ಗೆ ಮೇಲೆ ಹೇಳಿದ ಸೋನಿ ಒಪ್ಪುತ್ತದೆ. ಅದರ ಆಳ ಸುಮಾರು 30 ಸೆಂ.ಮೀ., ಎತ್ತರ 13.3. ಯೂನಿಟ್ ಹಲಗೆಗೆ ಹಿಂಬದಿ ತೂತು ಮಾಡಿಸಿದರೆ ಕೂರುತ್ತದೆ. ಅಟ್ಮಾಸ್ ಇಲ್ಲ, ಇ-ಎಆರ್‌ಸಿ ಇಲ್ಲ. ಜಾಗದ ತೊಂದರೆ ಇಲ್ಲದವರು ಯಮಾಹಾ ಆರ್‌ಎಕ್ಸ್-ವಿ385, ಡೆನಾನ್ ಎವಿಆರ್-ಎಕ್ಸ್580ಬಿಟಿಗಳನ್ನು ಹೋಲಿಸಿ ನೋಡಲಿ. ಎರಡೂ 70 ವ್ಯಾಟ್‌ನ, ಐದು ಚಾನೆಲ್‌ನ ಮಾದರಿಗಳು.

ಎರಡೇ ಸ್ಪೀಕರ್ ಸಾಕು ಅಂದವರಿಗೆ ವೀಮ್ ಆಂಪ್ ಒಂದು ಸೊಗಸಾದ ಪೆಟ್ಟಿಗೆ. ಊಟದ ತಟ್ಟೆಗಿಂತ ಸಣ್ಣದು. 8 ಓಮ್‌ಗೆ 60 ವ್ಯಾಟ್, ಎಚ್‌ಡಿಎಂಐ ಎಆರ್‌ಸಿ ಇದೆ, ಸಬ್‌ವೂಫರ್ ಔಟ್ ಇದೆ. ಆದರೆ ಸೆಂಟರ್ ಸ್ಪೀಕರ್ ಮುಂದೆ ಸೇರಿಸಲಾಗದು. ಇದನ್ನು ತಿಳಿದೇ ಕೊಳ್ಳಿ.

ಒಟ್ಟು ದುಡ್ಡಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಿಸೀವರ್‌ಗೆ ಹಾಕಬೇಡಿ. ಉಳಿದದ್ದು ಸ್ಪೀಕರ್‌ಗೆ ಹೋಗಲಿ. ರಿಸೀವರ್ ಐದಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಹಾಡುತ್ತದೆ.

ಕಿವಿಯಿಂದ ಪರೀಕ್ಷೆ

ಅಂಗಡಿಯವರು ಹೆಲಿಕಾಪ್ಟರ್, ಬಾಂಬು, ಗುಡುಗು ಕೇಳಿಸುತ್ತಾರೆ. ಅವು ಎಲ್ಲ ರಿಸೀವರ್‌ನಲ್ಲೂ ಚೆನ್ನಾಗೇ ಕೇಳುತ್ತವೆ, ಯಾಕೆಂದರೆ ನಿಜವಾದ ಬಾಂಬಿನ ಸದ್ದು ನಮಗೆ ಗೊತ್ತಿಲ್ಲ. ಮನುಷ್ಯನ ಕೊರಳು ಗೊತ್ತು. ಅದರಲ್ಲೂ ಈ ಸೀಮೆಯ ಜನಕ್ಕೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗದಗದ ಕಡೆಯಿಂದ ಭೀಮಸೇನ ಜೋಶಿ. ಗದಗದ ಸಂಗೀತಶಾಲೆಯಾದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರ ಹಾಡನ್ನು ಜಾತ್ರೆ, ಮದುವೆಗಳಲ್ಲಿ ಎದುರೇ ಕೂತು ಕೇಳಿದ ಕಿವಿಗಳು ಇಲ್ಲಿವೆ. ಆ ಕಿವಿಯನ್ನೇ ನಂಬಿ.

ಪೆನ್‌ಡ್ರೈವ್‌ನಲ್ಲಿ ನಿಮಗೆ ಬಾಯಿಪಾಠವಾಗಿರುವ ಒಂದು ವಿಳಂಬಿತ್ ಖಯಾಲ್ ಒಯ್ಯಿರಿ. ರಿಸೀವರನ್ನು ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ಗೆ ಹಾಕಲು ಹೇಳಿ. ಹಾಲ್, ಸ್ಟೇಡಿಯಂ ಅಂತ ಇರುವ ಎಫೆಕ್ಟ್‌ಗಳೆಲ್ಲ ಆಫ್ ಆಗಿರಲಿ. ಮೊದಲು ತಂಬೂರಿ ಕೇಳಿ. ನಾಲ್ಕು ತಂತಿ ಬಿಡಿಬಿಡಿಯಾಗಿ ತಿಳಿದು, ಮತ್ತೆ ಒಂದರೊಳಗೊಂದು ಕರಗಬೇಕು. ಕಂಚಿನ ಪಾತ್ರೆಯಂತೆ ಕಿಣಿಕಿಣಿ ಅಂದರೆ ಮೇಲುಸ್ತರವನ್ನು ಬೇಕೆಂದೇ ಎತ್ತಿದ್ದಾರೆ. ಆಮೇಲೆ ಗಂಗೂಬಾಯಿಯವರಂಥ ತುಂಬು ದನಿ ಹಾಕಿ. ಎದೆಯಿಂದ ಬರುವ ಆ ಭಾರ ಉಳಿಯಬೇಕು, ಆದರೆ ಮಂಜು ಕವಿದಂತೆ ಮಬ್ಬಾಗಬಾರದು. ಕೊನೆಗೆ ತಬಲಾದ ಎಡಗೈ. ‘ಘೇ’ ಬಂದು, ಬಾಗಿ, ನಿಲ್ಲಬೇಕು. ನಿಲ್ಲದೆ ಹಿಂದೆಯೇ ಎಳೆದುಕೊಂಡು ಬಂದರೆ ಸಬ್‌ವೂಫರ್ ಮಟ್ಟ ಹೆಚ್ಚಾಗಿದೆ, ಇಲ್ಲವೇ ಆ ಕೋಣೆ ಕೆಟ್ಟಿದೆ. ಇಳಿಸಲು ಹೇಳಿ, ಮತ್ತೆ ಕೇಳಿ.

ಎರಡು ರಿಸೀವರ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಒಂದಿಷ್ಟು ಜೋರಾಗಿರುವುದೇ ಕಿವಿಗೆ ಚೆಂದ ಅನಿಸುತ್ತದೆ, ಯಾವ ಕಿವಿಗೂ. ಮೊಬೈಲ್‌ನ ಸೌಂಡ್ ಮೀಟರ್ ಆ್ಯಪ್ ಇಷ್ಟಕ್ಕೆ ಸಾಕು. ಕೊನೆಯಲ್ಲಿ ಒಂದು ಕನ್ನಡ ಸಿನಿಮಾದ ಮಾತಿನ ದೃಶ್ಯ ಹಾಕಿಸಿ, ಕಣ್ಣು ಮುಚ್ಚಿ, ಪಿಸುಮಾತು ತಿಳಿಯುತ್ತದೆಯೇ ನೋಡಿ.

ಬಿಲ್ಲು, ಗ್ಯಾರಂಟಿ, ಕರೆಂಟು

ದುಬೈ, ಅಮೆರಿಕದಿಂದ ನೆಂಟರು ತಂದುಕೊಡುತ್ತೇನೆ ಅಂದರೆ ಹಿಂಬದಿ ಅಚ್ಚಾದ ವೋಲ್ಟೇಜ್ ಕೇಳಿ. ಅಮೆರಿಕದ ಮಾದರಿ 120 ವೋಲ್ಟ್, 60 ಹರ್ಟ್ಸ್‌ನದು. ನಮ್ಮ 230 ವೋಲ್ಟ್‌ಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಹೊರದೇಶದ ಮಾಲಿಗೆ ಇಲ್ಲಿನ ಗ್ಯಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲೇ ಇದೆಯೋ, ಬೆಂಗಳೂರಿಗೆ ಕಳಿಸಬೇಕೋ, ಕಳಿಸುವ ಖರ್ಚು ಯಾರದು ಅಂತ ಕೊಳ್ಳುವ ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಪೆಟ್ಟಿಗೆ ಮತ್ತು ಥರ್ಮೋಕೋಲ್ ಎಸೆಯಬೇಡಿ.

ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ರಿಸೀವರ್ ಅದರ ಮೇಲೆ ಓಡಿಸಬೇಡಿ. ಗುಂಯ್ ಅನ್ನುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಸೈನ್ ವೇವ್ ಇದ್ದರೆ ತೊಂದರೆಯಿಲ್ಲ. ಮುಂಗಾರಿಗೆ ಮೊದಲು ಬರುವ ಗುಡುಗು ಮಳೆಯಲ್ಲಿ ಪ್ಲಗ್ ಜೊತೆಗೆ ಡಿಶ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಒಳಗೆ ಬರುತ್ತದೆ.

ತಂದ ಮೇಲೆ

ಸ್ಪೀಕರ್ ವೈರ್ ಶುದ್ಧ ತಾಮ್ರದ 1.5 ಚದರ ಮಿ.ಮೀ. ಇದ್ದರೆ ಸಣ್ಣ ಕೋಣೆಗೆ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್ ತಿರುಗುಮುರುಗಾದರೂ ಬಾಸ್ ಸೋರಿಹೋಗುತ್ತದೆ, ದನಿ ನಡುವೆ ನಿಲ್ಲುವುದಿಲ್ಲ. ಸೆಂಟರ್ ಸ್ಪೀಕರ್ ಕಿವಿಯ ಎತ್ತರದಲ್ಲಿ, ಅಥವಾ ಕಿವಿಯ ಕಡೆ ವಾಲಿಸಿ ಇಡಿ. ಹಿಂದಿನವು ಕೂತವರ ಪಕ್ಕಕ್ಕೆ, ಸ್ವಲ್ಪ ಹಿಂದೆ ಇರಲಿ. ಸಬ್‌ವೂಫರ್‌ಗೆ ಜಾಗ ಹುಡುಕಲು ಒಂದು ಉಪಾಯ: ಅದನ್ನೇ ಸೋಫಾ ಮೇಲೆ ಇಟ್ಟು, ಬಾಸ್ ಇರುವ ಹಾಡು ಹಾಕಿ, ನೀವು ಗೋಡೆಯುದ್ದಕ್ಕೂ ಬಗ್ಗಿ ನಡೆಯಿರಿ. ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಅದೇ ಅದರ ಜಾಗ.

ಈಗ ರಿಸೀವರ್ ಜೊತೆ ಬಂದ ಸಣ್ಣ ಮೈಕ್ ತೆಗೆಯಿರಿ. ಡೆನಾನ್, ಮರಾಂಟ್ಜ್‌ನ ಬಹಳಷ್ಟು ಮಾದರಿಗಳಲ್ಲಿ ಆಡಿಸಿ, ಯಮಾಹಾದಲ್ಲಿ ವೈಪಾವೋ, ಸೋನಿಯಲ್ಲಿ ಡಿಕ್ಯಾಕ್ ಅಂತ ಈ ಅಳತೆಗೆ ಹೆಸರು. ರಾತ್ರಿ ಹತ್ತರ ಮೇಲೆ, ಬೀದಿ ಶಾಂತವಾದಾಗ ಮಾಡಿ. ಸೀಲಿಂಗ್ ಫ್ಯಾನ್ ಆಫ್ ಮಾಡಲೇಬೇಕು, ಫ್ರಿಜ್ ಹತ್ತಿರವಿದ್ದರೆ ಅದನ್ನೂ ಐದು ನಿಮಿಷ ಆಫ್ ಮಾಡಿ. ಮೈಕ್ ಕಿವಿಯ ಎತ್ತರದಲ್ಲಿ ಸ್ಟ್ಯಾಂಡ್ ಮೇಲಿರಲಿ, ಕೈಯಲ್ಲಿ ಹಿಡಿಯಬೇಡಿ.

ಮುಗಿದ ಮೇಲೆ ಮೆನು ತೆರೆದು ಮೂರು ವಿಷಯ ನೋಡಿ. ಸ್ಪೀಕರ್‌ಗಳು ‘ಸ್ಮಾಲ್’ ಅಂತ ಇರಲಿ, ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಸ್ ಇರಲಿ, ತೀರ ಪುಟ್ಟ ಸ್ಪೀಕರ್ ಆದರೆ 100ರಿಂದ 120. ಮಾತು ಇನ್ನೂ ಹಿಂದೆ ಸರಿದಂತಿದ್ದರೆ ಸೆಂಟರ್ ಒಂದೆರಡು ಡೆಸಿಬೆಲ್ ಏರಿಸಿ. ರಾತ್ರಿ ಮಕ್ಕಳು ಮಲಗಿದ ಮೇಲೆ, ಅಥವಾ ಗೋಡೆಗೆ ಗೋಡೆ ತಾಗಿದ ಚಾಳಿನ ಮನೆಯಲ್ಲಿ, ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ವಾಲ್ಯೂಮ್’ ಹಾಕಿಕೊಳ್ಳಿ. ಜೋರು ಸದ್ದು ತಗ್ಗುತ್ತದೆ, ಪಿಸುಮಾತು ಏರುತ್ತದೆ. ಸಂಗೀತ ಕೇಳುವಾಗ ಮಾತ್ರ ಅದನ್ನು ಮರೆಯದೆ ಆಫ್ ಮಾಡಿ. ಸೋಫಾ ಜಾಗ ಬದಲಿಸಿದರೆ ಅಥವಾ ಜಮಖಾನ ತೆಗೆದರೆ ಮೈಕ್ ಅಳತೆ ಮತ್ತೊಮ್ಮೆ ಮಾಡಿಸಬೇಕು, ಹಳೆಯ ಲೆಕ್ಕ ಆಗ ಹೊಂದುವುದಿಲ್ಲ.